ಸೀಸದ ಗುಂಡಿಗೆ ಹೆಸರಿಡುವ ಮುನ್ನ

ಅಮೆರಿಕದ ಪೂರ್ವ ಭಾಗದ ಸಣ್ಣ ಊರುಗಳಲ್ಲಿ ಬೇಸಿಗೆಯ ವಾರಾಂತ್ಯ ಬಂತೆಂದರೆ ಹಳೇ ಸಾಮಾನಿನ ಸಂತೆ ಸೇರುತ್ತದೆ. ಮಡಿಸುವ ಮೇಜುಗಳ ಮೇಲೆ ತುಕ್ಕು ಹಿಡಿದ ಬೀಗ, ಬಾಗಿಲ ತಿರುಗಣಿ, ಹಿಡಿ ಸಡಿಲಾದ ಸುತ್ತಿಗೆ, ಗಾಜು ಒಡೆದ ಲಾಟೀನು. ಇವುಗಳ ನಡುವೆ ನಮ್ಮ ಅಡಕತ್ತರಿಯನ್ನೇ ಹೋಲುವ ಒಂದು ಕಬ್ಬಿಣದ ಸಾಧನ ಬಿದ್ದಿರುತ್ತದೆ. ಎರಡು ಹಿಡಿ, ನಡುವೆ ಒಂದು ಕೀಲು, ತುದಿಯಲ್ಲಿ ಅಲಗಿನ ಬದಲು ಎರಡು ದಪ್ಪ ದವಡೆ. ಹಿಡಿ ಅಗಲಿಸಿದರೆ ದವಡೆ ಬಾಯಿ ಬಿಡುತ್ತದೆ. ಒಂದೊಂದರಲ್ಲೂ ಅರ್ಧರ್ಧ ಗುಳಿ. ಮುಚ್ಚಿದರೆ ಎರಡು ಅರ್ಧ ಕೂಡಿ ಒಂದು ಗುಂಡಿನ ಆಕಾರ. ಇದು ಗುಂಡು ಎರೆಯುವ ಅಚ್ಚು. ಪಕ್ಕದ ತಟ್ಟೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾದ ಸೀಸದ ಗುಂಡುಗಳು. ಎರಡಕ್ಕೂ ಒಂದೇ ಚೀಟಿ ಅಂಟಿಸಿರುತ್ತಾರೆ: 'ಅಂತರ್ಯುದ್ಧದ ಕಾಲದ್ದು'.

ಆ ಚೀಟಿ ನಿಜವೂ ಇರಬಹುದು, ಸುಳ್ಳೂ ಇರಬಹುದು. ಸುಳ್ಳಾಗಿದ್ದರೆ ಕೊಂಡವನ ದುಡ್ಡು ಹೋಯಿತು, ಅಷ್ಟೇ ಎಂದು ಬಿಟ್ಟುಬಿಡುವ ಹಾಗಿಲ್ಲ. ಯುದ್ಧಭೂಮಿಯಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾವ ಬಂದೂಕು ಹಿಡಿದಿದ್ದರು ಎಂಬುದಕ್ಕೆ ಬಹಳ ಕಡೆ ಉಳಿದಿರುವ ಸಾಕ್ಷಿ ಸೀಸದ ಗುಂಡೊಂದೇ. ಮರ ಕೊಳೆಯುತ್ತದೆ, ಕಬ್ಬಿಣ ತುಕ್ಕಾಗಿ ಉದುರುತ್ತದೆ, ಸೈನಿಕರ ನೆನಪು ಮಸುಕಾಗುತ್ತದೆ. ಸೀಸ ಉಳಿಯುತ್ತದೆ. ಅದಕ್ಕೆ ತಪ್ಪು ಹೆಸರಿಟ್ಟರೆ ಆ ಒಂದೇ ಸಾಕ್ಷಿಯೂ ಕೆಡುತ್ತದೆ. ಅದಕ್ಕೇ ಈ ವಸ್ತುಗಳನ್ನು ಗುರುತಿಸುವಾಗ ಅಳತೆ, ತೂಕ, ಸಿಕ್ಕ ಜಾಗ ಇವು ಮೊದಲು ಬರಬೇಕು. ಹೆಸರು ಕಡೆಗೆ ಬರಬೇಕು. ಸಂತೆಯಲ್ಲಿ ನಡೆಯುವುದು ಇದರ ತಿರುವುಮುರುವು. ಅಲ್ಲಿ ಹೆಸರು ಮೊದಲೇ ಸಿದ್ಧವಿರುತ್ತದೆ, ಅಳತೆಯನ್ನು ಅದಕ್ಕೆ ಹೊಂದಿಸುತ್ತಾರೆ.

ಅಂಕಿ ಇದೆಯಲ್ಲ, ಇನ್ನೇನು ಅನುಮಾನ?

ಅಚ್ಚಿನ ಮೇಲೆ ಅಂಕಿ ಒತ್ತಿರುವಾಗ ತಲೆ ಕೆಡಿಸಿಕೊಳ್ಳುವುದು ಯಾಕೆ ಎಂಬ ಪ್ರಶ್ನೆ ಸಹಜ. ಆದರೆ ಆ ಅಂಕಿ ಯಾವ ಪದ್ಧತಿಯದು ಎಂದು ಮೊದಲು ತಿಳಿಯಬೇಕು. ಹಳೆಯ ಕಾಲದಲ್ಲಿ ಬಂದೂಕಿನ ಬಾಯಿಯ ಅಳತೆಯನ್ನು ಅಂಗುಲದಲ್ಲಿ ಹೇಳುತ್ತಿರಲಿಲ್ಲ. ಒಂದು ಪೌಂಡ್ ಸೀಸದಿಂದ ಆ ಗಾತ್ರದ ಎಷ್ಟು ಉಂಡೆ ಆಗುತ್ತವೆ ಎಂದು ಲೆಕ್ಕ ಹಾಕುತ್ತಿದ್ದರು. ಇಂದಿಗೂ '12 ಬೋರ್' ಬಂದೂಕು ಎನ್ನುವುದು ಆ ಲೆಕ್ಕದ ಪಳೆಯುಳಿಕೆ. ಹೀಗಾಗಿ ಹಳೆಯ ಅಚ್ಚಿನ ಮೇಲೆ 32 ಎಂದಿದ್ದರೆ ಅದು 0.32 ಅಂಗುಲ ಎಂದುಕೊಳ್ಳುವುದು ದೊಡ್ಡ ತಪ್ಪಾಗಬಹುದು. ಪೌಂಡಿಗೆ 32 ಎಂದರೆ ಒಂದೊಂದು ಉಂಡೆ 14 ಗ್ರಾಂಗಿಂತ ತುಸು ಹೆಚ್ಚು. ಸೀಸದ ಸಾಂದ್ರತೆಯಿಂದ ಲೆಕ್ಕ ಹಾಕಿದರೆ ಅದರ ಅಡ್ಡಳತೆ ಸುಮಾರು 0.526 ಅಂಗುಲ, ಅಂದರೆ 13 ಮಿಲಿಮೀಟರಿಗೂ ಮೇಲೆ. ಒಂದೇ ಅಂಕಿ, ಎರಡು ಓದು. ಎರಡರ ನಡುವೆ ತೂಕದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ವ್ಯತ್ಯಾಸ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದರೆ ಅಂಕಿಗಳು ಹೆಚ್ಚು ಶಿಸ್ತಾದವು, ಗೊಂದಲ ಮಾತ್ರ ಬೇರೆ ರೂಪ ತಾಳಿತು. 1884ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಜಾನ್ ಬಾರ್ಲೋ ಎಂಬಾತ ಗುಂಡಿನ ಅಚ್ಚು ಮಾಡುವ ಐಡಿಯಲ್ ಎಂಬ ಕಂಪನಿ ತೆರೆದ. 1925ರಲ್ಲಿ ಅದು ಲೈಮನ್ ಕಂಪನಿಯ ಕೈಗೆ ಬಂತು. ಈ ಅಚ್ಚುಗಳ ಮೇಲೆ ಆರಂಕಿಯ ಸಂಖ್ಯೆ ಇರುತ್ತದೆ. ಮೊದಲ ಮೂರು ಅಂಕಿ ಗುಂಡಿನ ಅಡ್ಡಳತೆ, ಅಂಗುಲದ ಸಾವಿರದ ಭಾಗಗಳಲ್ಲಿ. ಕೊನೆಯ ಮೂರು ವಿನ್ಯಾಸದ ಕ್ರಮಸಂಖ್ಯೆ ಮಾತ್ರ. 429421 ಎಂದರೆ 0.429 ಅಂಗುಲದ, 421ನೆಯ ವಿನ್ಯಾಸ. ಎಲ್ಮರ್ ಕೀತ್ ಎಂಬಾತ ರೂಪಿಸಿದ್ದು. ಬೇರೆ ಕೆಲವು ತಯಾರಕರ ಅಚ್ಚಿನಲ್ಲಿ ಎರಡನೆಯ ಸಂಖ್ಯೆ ತೂಕವನ್ನು ಹೇಳುತ್ತದೆ. ತೂಕ ಎಂದರೆ 'ಗ್ರೇನ್' ಲೆಕ್ಕದ್ದು; ಪೌಂಡಿಗೆ 7,000 ಗ್ರೇನ್. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನಿಗೆ ಸಮ. ಈಗ ಲೈಮನ್‌ನ 358156 ನೋಡಿ. ಅದರ 156 ವಿನ್ಯಾಸದ ಸಂಖ್ಯೆ, ಆದರೆ ಆ ಗುಂಡಿನ ತೂಕವೂ ಆಕಸ್ಮಿಕವಾಗಿ 155 ಗ್ರೇನಿನ ಆಸುಪಾಸು. ಅದನ್ನು ತೂಕವೆಂದೇ ಓದಿ ಸರಿಯಾದವನು ಮುಂದೆ 457125 ಕೈಗೆ ಬಂದಾಗ ಬೇಸ್ತು ಬೀಳುತ್ತಾನೆ. ಅದರ ತೂಕ 125 ಅಲ್ಲ, ಸುಮಾರು 500 ಗ್ರೇನ್. ತಪ್ಪು ದಾರಿ ಒಮ್ಮೆ ಸರಿಯಾದ ಊರಿಗೆ ಮುಟ್ಟಿಸಿಬಿಟ್ಟರೆ ಆ ತಪ್ಪನ್ನು ತಿದ್ದಿಕೊಳ್ಳುವುದು ಇನ್ನೂ ಕಷ್ಟ. ಸಾಲದ್ದಕ್ಕೆ ದವಡೆಯ ಎರಡೂ ಅರ್ಧಗಳ ಮೇಲೆ, ಜೋಡಿ ತಪ್ಪದಿರಲೆಂದು ಕಾರ್ಖಾನೆಯವರು ಒತ್ತಿದ ಚಿಕ್ಕ ಸಂಖ್ಯೆಯೂ ಇರುವುದುಂಟು. ಅದಕ್ಕೂ ಗುಂಡಿನ ಅಳತೆಗೂ ಸಂಬಂಧವೇ ಇಲ್ಲ.

ಅಂಕಿ ಸರಿಯಾಗಿ ಓದಿದರೂ ಅದು ಹೇಳುವುದು ತಯಾರಕನ ಉದ್ದೇಶವನ್ನು. ಅಚ್ಚು ಸವೆಯುತ್ತದೆ. ಹಿಂದಿನ ಮಾಲೀಕ ಗುಳಿಯನ್ನು ಉಜ್ಜಿ ಹಿಗ್ಗಿಸಿರಬಹುದು. ಬೆರಕೆ ಲೋಹ ಬದಲಾದರೆ ಆರಿದ ಮೇಲೆ ಕುಗ್ಗುವ ಪ್ರಮಾಣವೂ ಬದಲಾಗಿ, ಅದೇ ಅಚ್ಚಿನಿಂದ ಅಂಗುಲದ ಒಂದೆರಡು ಸಾವಿರದಷ್ಟು ವ್ಯತ್ಯಾಸದ ಗುಂಡು ಬೀಳುತ್ತದೆ. ಅದಕ್ಕೆ ಬಲ್ಲವರು ಗುಳಿಯನ್ನು ಅಳೆದು ಸುಮ್ಮನಾಗುವುದಿಲ್ಲ. ಅದರಿಂದ ಬಿದ್ದ ಗುಂಡನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಜೋಡಣೆಯ ಗೆರೆಯ ಗುಂಟ ಒಮ್ಮೆ, ಅದಕ್ಕೆ ಅಡ್ಡವಾಗಿ ಒಮ್ಮೆ ಅಳೆಯುತ್ತಾರೆ. ಎರಡು ಅಳತೆಯೂ ಒಂದೇ ಬಂದರೆ ದವಡೆ ಸರಿಯಾಗಿ ಮುಚ್ಚುತ್ತಿದೆ ಎಂದರ್ಥ. ಇನ್ನೊಂದು ಮಾತು: ಸಂತೆಯಲ್ಲಿ 'ಗುಂಡಿನ ಅಚ್ಚು' ಎಂದು ಮಾರುವ ಎಷ್ಟೋ ಸಾಧನಗಳು ಗಾಳಕ್ಕೆ ಕಟ್ಟುವ ಸೀಸದ ತೂಕ ಎರೆಯುವ ಅಚ್ಚುಗಳು.

0.69ರ ಬಲೆ

1778ರ ಜೂನ್ 28ರಂದು ನ್ಯೂಜರ್ಸಿಯ ಮನ್‌ಮತ್‌ನಲ್ಲಿ ಬ್ರಿಟಿಷ್ ಸೇನೆಗೂ ಜಾರ್ಜ್ ವಾಷಿಂಗ್ಟನ್ನನ ಸೇನೆಗೂ ಕದನವಾಯಿತು. ಅಲ್ಲಿನ ಹೊಲದಲ್ಲಿ 0.69 ಅಂಗುಲದ ಒಂದು ಉಂಡೆ ಸಿಕ್ಕಿತೆನ್ನಿ. ಯಾರದು? ಫ್ರೆಂಚರು ಅಮೆರಿಕನ್ನರಿಗೆ ಕೊಟ್ಟ ಮಸ್ಕೆಟ್ ಬಂದೂಕಿನ ನಳಿಗೆಯ ಬಾಯಿ 0.69 ಅಂಗುಲ. ಹಾಗಾದರೆ ಇದು ಅಮೆರಿಕನ್ ಗುಂಡು ಎಂದು ಯಾರಾದರೂ ಹೇಳಿಬಿಟ್ಟಾರು. ನಿಜ ಇದಕ್ಕೆ ವಿರುದ್ಧ. ಕರಿಮದ್ದು ಸುಟ್ಟಾಗ ನಳಿಗೆಯೊಳಗೆ ಮಸಿ ಗಟ್ಟಿಯಾಗಿ ಕೂರುತ್ತದೆ. ಮೂರ್ನಾಲ್ಕು ಸುತ್ತು ಹಾರಿಸಿದ ಮೇಲೂ ಗುಂಡು ಸಲೀಸಾಗಿ ಕೆಳಗಿಳಿಯಬೇಕಾದರೆ ಅದು ನಳಿಗೆಗಿಂತ ಸಾಕಷ್ಟು ಚಿಕ್ಕದಿರಬೇಕು. ಫ್ರೆಂಚ್ ಮಸ್ಕೆಟ್ಟಿಗೆ ಹಾಕುತ್ತಿದ್ದ ಗುಂಡು ಸುಮಾರು 0.63 ಅಂಗುಲದ್ದು. ಬ್ರಿಟಿಷರ 'ಬ್ರೌನ್ ಬೆಸ್' ಮಸ್ಕೆಟ್ಟಿನ ಬಾಯಿ 0.75 ಅಂಗುಲ, ಗುಂಡು 0.69. ಒಬ್ಬರ ನಳಿಗೆಯ ಅಳತೆಯೇ ಇನ್ನೊಬ್ಬರ ಗುಂಡಿನ ಅಳತೆ. ನಳಿಗೆ ಯಾವುದು, ಗುಂಡು ಯಾವುದು ಎಂಬ ಭೇದ ಮರೆತರೆ ಹೊಲದಲ್ಲಿ ಎರಡೂ ಸೇನೆಗಳು ಜಾಗ ಅದಲುಬದಲು ಮಾಡಿಕೊಂಡುಬಿಡುತ್ತವೆ.

ಗುಂಡು ಉಂಡೆಯಾಗಿಯೇ ಸಿಕ್ಕರೆ ಇಷ್ಟು ಮಾತು. ಮರಕ್ಕೋ ಕಲ್ಲಿಗೋ ಬಡಿದು ಚಪ್ಪಟೆಯಾಗಿದ್ದರೆ ಏನನ್ನು ಅಳೆಯುವುದು? ಮನ್‌ಮತ್‌ನಲ್ಲಿ ವರ್ಷಗಟ್ಟಲೆ ಪುರಾತತ್ವದ ಕೆಲಸ ಮಾಡಿದ ಡೇನಿಯಲ್ ಸಿವಿಲಿಚ್ ಇದಕ್ಕೊಂದು ಸರಳ ದಾರಿ ಮಾಡಿಕೊಟ್ಟರು. ಆಕಾರ ಕೆಟ್ಟರೂ ತೂಕ ಬಹುಮಟ್ಟಿಗೆ ಉಳಿಯುತ್ತದೆ ತಾನೆ? ಗ್ರಾಂ ಲೆಕ್ಕದ ತೂಕಕ್ಕೆ ಘನಮೂಲ ತೆಗೆದು 0.223204ರಿಂದ ಗುಣಿಸಿದರೆ ಮೂಲ ಅಡ್ಡಳತೆ ಅಂಗುಲದಲ್ಲಿ ಸಿಗುತ್ತದೆ. 22 ಗ್ರಾಂ ಚಿಲ್ಲರೆ ತೂಗುವ ಚಪ್ಪಟೆ ಸೀಸ 0.63ರ ಗುಂಡಾಗಿತ್ತು, 29 ಗ್ರಾಂ ಚಿಲ್ಲರೆ ತೂಗುವುದು 0.69ರದ್ದು. ಈ ಸೂತ್ರದ ಒಂದು ಚೆಲುವನ್ನು ಗಮನಿಸಬೇಕು. ಪುಸ್ತಕದ ಶುದ್ಧ ಸೀಸದ ಸಾಂದ್ರತೆ 11.34 ಹಿಡಿದು ಲೆಕ್ಕ ಹಾಕಿದರೆ ಗುಣಕ ಸುಮಾರು 0.217 ಬರುತ್ತದೆ. ಸಿವಿಲಿಚ್‌ರ ಗುಣಕ ಅದಕ್ಕಿಂತ ತುಸು ಹೆಚ್ಚು. ಶಿಬಿರದ ಬೆಂಕಿಯ ಮುಂದೆ ಎರೆದ ಗುಂಡಿನಲ್ಲಿ ಗಾಳಿಗುಳ್ಳೆ ಇರುತ್ತದೆ, ಲೋಹ ಅಪ್ಪಟವಾಗಿರುವುದಿಲ್ಲ; ಆ ಕೊರತೆಯನ್ನೆಲ್ಲ ಆ ಚೂರು ಹೆಚ್ಚಳ ಒಳಗೊಂಡಿದೆ.

ಅಂಥ ಹೊಲಗಳಲ್ಲಿ ಹಲ್ಲಿನ ಗುರುತಿರುವ ಗುಂಡುಗಳೂ ಸಿಗುತ್ತವೆ. ಅರಿವಳಿಕೆ ಇಲ್ಲದ ಕಾಲದಲ್ಲಿ ಕಾಲು ಕತ್ತರಿಸುವಾಗ ನೋವು ತಡೆಯಲಾರದೆ ಸೈನಿಕ ಗುಂಡು ಕಚ್ಚಿದ ಎಂಬ ಕಥೆ ಅವುಗಳೊಂದಿಗೆ ತಾನಾಗಿ ಬರುತ್ತದೆ. ಗುರುತುಗಳನ್ನು ಹತ್ತಿರದಿಂದ ಪರೀಕ್ಷಿಸಿದಾಗ ಅವುಗಳಲ್ಲಿ ಅನೇಕವು ನೆಲ ಕೆದಕಿ ಮೇಯುವ ಹಂದಿಗಳು ಅಗಿದು ಉಗುಳಿದವು ಎಂದು ತಿಳಿಯಿತು. ಗಾಯಾಳುವಿನ ಕಥೆ ಮನ ಕಲಕುತ್ತದೆ ನಿಜ. ಆದರೆ ಆ ಗಾಯಾಳುಗಳಿಗೆ ನಾವು ತೋರಬಹುದಾದ ಗೌರವ ಎಂದರೆ ಅವರ ಹೆಸರಿನಲ್ಲಿ ಹಂದಿಯ ಹಲ್ಲನ್ನು ಪ್ರದರ್ಶನಕ್ಕಿಡದಿರುವುದು.

ಮೂರು ಗೀರು, ಒಂದು ಜಿಡ್ಡು

ಉಂಡೆ ಗುಂಡಿನ ಕಾಲ ಮುಗಿಸಿದವನು ಫ್ರಾನ್ಸಿನ ಕ್ಲೋಡ್ ಮಿನ್ಯೇ. 1849ರ ಹೊತ್ತಿಗೆ ಅವನು ರೂಪಿಸಿದ ಗುಂಡು ಮುಂದೆ ಚೂಪು, ಹಿಂದೆ ಪೊಳ್ಳು. ನಳಿಗೆಯೊಳಗೆ ಸುಲಭವಾಗಿ ಇಳಿಯುತ್ತದೆ. ಮದ್ದು ಸಿಡಿದಾಗ ಪೊಳ್ಳು ಬುಡ ಹಿಗ್ಗಿ ನಳಿಗೆಯ ಸುರುಳಿ ಗೀರುಗಳನ್ನು ಕಚ್ಚಿ ಹಿಡಿದು ತಿರುಗುತ್ತ ಹೊರಬೀಳುತ್ತದೆ. ಅಮೆರಿಕದ ಹಾರ್ಪರ್ಸ್ ಫೆರಿ ಶಸ್ತ್ರಾಗಾರದಲ್ಲಿ ಜೇಮ್ಸ್ ಬರ್ಟನ್ ಇದನ್ನು ಇನ್ನಷ್ಟು ಸರಳಗೊಳಿಸಿದ. ಅಂತರ್ಯುದ್ಧದ ನೆಲದಲ್ಲಿ ಹೇರಳವಾಗಿ ಸಿಗುವ, ಸೊಂಟದ ಸುತ್ತ ಮೂರು ಉಂಗುರ ಗೀರುಳ್ಳ ಗುಂಡು ಇದೇ. ಆ ಗೀರುಗಳು ಅಲಂಕಾರಕ್ಕಲ್ಲ, ಜಿಡ್ಡು ತುಂಬುವುದಕ್ಕೆ. ಅಮೆರಿಕನ್ ಸೈನಿಕ ಕಾಗದದ ತೋಟಾ ಹರಿದು ಮದ್ದು ಸುರಿದು, ಕಾಗದ ಬಿಸಾಕಿ, ಬರಿ ಗುಂಡನ್ನು ನಳಿಗೆಗೆ ನೂಕುತ್ತಿದ್ದ. ಬೇಕಾದ ಜಿಡ್ಡು ಗುಂಡಿನ ಮೈಮೇಲೇ ಇರಬೇಕಿತ್ತು.

ಇದೇ ಕಾಲದ ಬ್ರಿಟಿಷ್ ಎನ್‌ಫೀಲ್ಡ್ ಬಂದೂಕಿನ ಗುಂಡನ್ನು ಪಕ್ಕದಲ್ಲಿಡಿ. ಅದರ ಮೈ ನುಣುಪು, ಒಂದು ಗೀರೂ ಇಲ್ಲ. ಜಿಡ್ಡು ಎಲ್ಲಿ ಹೋಯಿತು? ತೋಟಾದ ಕಾಗದದ ಮೇಲೆ. ಎನ್‌ಫೀಲ್ಡ್ ಗುಂಡು ಕಾಗದದ ಸುತ್ತಿನೊಂದಿಗೇ ನಳಿಗೆಗೆ ಇಳಿಯುತ್ತಿತ್ತು. ಜಿಡ್ಡು ಸವರಿದ್ದು ಆ ಕಾಗದಕ್ಕೆ. ಸಿಪಾಯಿ ಅದೇ ತೋಟಾದ ಇನ್ನೊಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ದನದ, ಹಂದಿಯ ಕೊಬ್ಬಿನ ಸುದ್ದಿ 1857ರಲ್ಲಿ ಉತ್ತರ ಭಾರತದ ದಂಡುಗಳಲ್ಲಿ ಕಿಚ್ಚು ಹೊತ್ತಿಸಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಜಿಡ್ಡು ಸೀಸದ ಗೀರಿನಲ್ಲಿರದೆ ಕಾಗದದ ಮೇಲಿತ್ತು ಎಂಬುದರ ಕುರುಹನ್ನು ಆ ಗುಂಡು ತನ್ನ ನುಣುಪು ಮೈಯಲ್ಲೇ ಹೊತ್ತುಕೊಂಡಿದೆ. ಹಾಗೆಂದು ನುಣುಪು ಗುಂಡು ಸಿಕ್ಕ ಕಡೆಯೆಲ್ಲ ಬ್ರಿಟಿಷ್ ಸೈನಿಕ ಇದ್ದ ಎನ್ನಲಾಗದು. ಅಂತರ್ಯುದ್ಧದಲ್ಲಿ ಉತ್ತರದವರೂ ದಕ್ಷಿಣದವರೂ ಎನ್‌ಫೀಲ್ಡ್‌ಗಳನ್ನು ಲಕ್ಷಗಟ್ಟಲೆ ತರಿಸಿಕೊಂಡಿದ್ದರು.

ಈ ಮೂರು ಗೀರಿನ ಗುಂಡಿಗೆ ಇನ್ನೊಂದು ತೊಡಕಿದೆ. ಹಳೆಯ ಮಾದರಿಯ ಬಂದೂಕು ಹಾರಿಸುವ ಹವ್ಯಾಸ ಅಮೆರಿಕದಲ್ಲಿ ಇಂದಿಗೂ ಜೋರು. ಅವರಿಗಾಗಿ ಲೈಮನ್ 575213 ಎಂಬ ಮಿನ್ಯೇ ಅಚ್ಚನ್ನು ಮಾರುತ್ತ ಬಂದಿದೆ. ಅದರಿಂದ ಎರೆದ ಗುಂಡು ಹತ್ತಾರು ವರ್ಷ ಮಣ್ಣಲ್ಲಿದ್ದು ಮೇಲೆ ಬಂದರೆ ಅದರ ಮೈಯೂ ಬೆಳ್ಳಗಾಗಿರುತ್ತದೆ. ಬಿಳಿ ಪದರ ವಯಸ್ಸಿನ ಮುದ್ರೆ ಎನ್ನುವವರು ಒಂದು ಹಳೇ ಕಸುಬನ್ನು ನೆನೆಯಬೇಕು: ಬಣ್ಣಕ್ಕಾಗಿ ಸೀಸದ ತಗಡನ್ನು ವಿನಿಗರ್ ಆವಿಗೆ ಒಡ್ಡಿ ಬೆಳ್ಳಗೆ ಮಾಡುವ ವಿದ್ಯೆ ಶತಮಾನಗಳಷ್ಟು ಹಳೆಯದು. ಮೋಸ ಮಾಡುವವನಿಗೆ ಅಷ್ಟೇ ಸಾಕು. ಇನ್ನು ಅಚ್ಚಿನ ಮೇಲೆ ಆರಂಕಿಯ ಸಂಖ್ಯೆ ಇದ್ದು, ಚೀಟಿಯಲ್ಲಿ '1863' ಎಂದಿದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಐಡಿಯಲ್ ಕಂಪನಿ ಹುಟ್ಟಿದ್ದೇ 1884ರಲ್ಲಿ.

ಲೋಹವನ್ನೇ ಕೇಳಬಾರದೇ?

ಇಷ್ಟೆಲ್ಲ ಅಳತೆ ಯಾಕೆ, ಪ್ರಯೋಗಾಲಯಕ್ಕೆ ಕೊಟ್ಟರೆ ಲೋಹವೇ ಜಾತಕ ಹೇಳುವುದಿಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ಲೋಹ ಮಾತಾಡುತ್ತದೆ, ನಿಜ. ಅಪ್ಪಟ ಸೀಸ ಉಗುರಿಗೆ ಗೀರು ಕೊಡುವಷ್ಟು ಮೆದು. ತವರ, ಆಂಟಿಮನಿ ಬೆರೆಸಿದರೆ ಗಡುಸಾಗುತ್ತದೆ, ಅಚ್ಚಿನ ಮೂಲೆಮೂಲೆಗೂ ತುಂಬಿಕೊಳ್ಳುತ್ತದೆ. ಈ ಗುಣವನ್ನು ಗುಂಡು ಎರೆಯುವವರಷ್ಟೇ ಚೆನ್ನಾಗಿ ಬಲ್ಲವರು ಮುದ್ರಣದವರು. ಕನ್ನಡದ ಪುಸ್ತಕ, ಪತ್ರಿಕೆಗಳನ್ನು ದಶಕಗಟ್ಟಲೆ ಅಚ್ಚು ಹಾಕಿದ ಮೊಳೆಗಳೂ ಸೀಸ, ಆಂಟಿಮನಿ, ತವರದ ಬೆರಕೆಯೇ. ನಮ್ಮ ಭಾಷೆಯಲ್ಲಿ ಮೊಳೆ ಎರೆಯುವುದಕ್ಕೂ ಗುಂಡು ಎರೆಯುವುದಕ್ಕೂ ಬೇಕಾದದ್ದು ಅಚ್ಚೇ. ಪುಸ್ತಕ ಆಗುವುದೂ ಅಚ್ಚೇ. ಅಮೆರಿಕದಲ್ಲಿ ಪತ್ರಿಕೆಗಳು ಆಫ್‌ಸೆಟ್ಟಿಗೆ ಬದಲಾದಾಗ ಗುಜರಿಗೆ ಬಿದ್ದ ಲೈನೋಟೈಪ್ ಲೋಹ, ಅಂದರೆ ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ, ಗುಂಡು ಎರೆಯುವ ಹವ್ಯಾಸಿಗಳ ಕೈ ಸೇರಿತು. ನಿನ್ನೆಯ ಸುದ್ದಿ ಹೊತ್ತ ಸಾಲು ಕರಗಿ ಗುಂಡಾಯಿತು. ಅಂಥ ಗಡಸು ಬೆರಕೆಯ ಮಿನ್ಯೇ ಗುಂಡು ಕಂಡರೆ ಅನುಮಾನಿಸಬೇಕು. ಬುಡ ಹಿಗ್ಗಬೇಕಾದ ಗುಂಡಿಗೆ ಮೆದು ಸೀಸವೇ ಬೇಕಿತ್ತು.

ಆದರೆ ಇದೇ ಉದಾಹರಣೆ ಲೋಹದ ಮಾತಿಗೆ ಎಲ್ಲಿ ಮಿತಿ ಎಂಬುದನ್ನೂ ತೋರಿಸುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್ಸಿಗೆಲ್ಲ ಕರಗುತ್ತದೆ, ಒಲೆಯ ಉರಿ ಸಾಕು. ಹಾಗಾಗಿ ಅದು ಮತ್ತೆ ಮತ್ತೆ ಕರಗುತ್ತ, ಬೆರೆಯುತ್ತ ಬಂದ ಲೋಹ. ಅಮೆರಿಕದ ಎಫ್‌ಬಿಐ ದಶಕಗಳ ಕಾಲ ಗುಂಡಿನ ಸೀಸದಲ್ಲಿನ ಕಲಬೆರಕೆಯನ್ನು ಹೋಲಿಸಿ, ಕೊಲೆಯ ಗುಂಡಿಗೂ ಆರೋಪಿಯ ಮನೆಯ ಗುಂಡಿಗೂ ನಂಟು ಕಟ್ಟುತ್ತಿತ್ತು. 2004ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಇದನ್ನು ಪರಿಶೀಲಿಸಿತು. ಬೇರ್ಪಡಿಸಿ ಗುರುತಿಸಲಾಗದ ಒಂದೇ ಬೆರಕೆಯಿಂದ 12,000 ದಿಂದ 3.5 ಕೋಟಿವರೆಗೆ ಪಾಯಿಂಟ್ 22 ಗುಂಡುಗಳು ಬರಬಹುದು ಎಂದಿತು. 2005ರಲ್ಲಿ ಎಫ್‌ಬಿಐ ಆ ಪರೀಕ್ಷೆಯನ್ನೇ ಕೈಬಿಟ್ಟಿತು. ಕಾರ್ಖಾನೆಯ ಲೆಕ್ಕಪತ್ರ ಇರುವ ಕಾಲದ ಗುಂಡಿನ ಕಥೆಯೇ ಇಷ್ಟಾದರೆ, ಸಂತೆಯ ತಟ್ಟೆಯಲ್ಲಿರುವ ಊರು ಕೇರಿ ಗೊತ್ತಿಲ್ಲದ ಗುಂಡಿನ ಪಾಡೇನು?

ಸಿಕ್ಕ ಜಾಗವೇ ಅರ್ಧ ಗುರುತು

ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ದಂಡೆಯಲ್ಲಿ 1876ರ ಜೂನ್‌ನಲ್ಲಿ ಲಕೋಟ, ಷಾಯೆನ್ ಯೋಧರು ಅಮೆರಿಕನ್ ಸೇನಾಧಿಕಾರಿ ಕಸ್ಟರ್‌ನ ಅಶ್ವದಳವನ್ನು ನಾಶಮಾಡಿದರು. ಕಸ್ಟರ್ ಜೊತೆಗಿದ್ದ ತುಕಡಿಯಲ್ಲಿ ಯಾರೂ ಉಳಿಯಲಿಲ್ಲ. ಬದುಕಿದ್ದ ಮೂಲನಿವಾಸಿ ಯೋಧರು ಹೇಳಿದ್ದನ್ನು ಬಿಳಿಯ ಇತಿಹಾಸಕಾರರು ಬಹುಕಾಲ ಪೂರ್ತಿ ನಂಬಲಿಲ್ಲ. 1983ರಲ್ಲಿ ಕಾಡ್ಗಿಚ್ಚು ಹುಲ್ಲನ್ನೆಲ್ಲ ಸುಟ್ಟು ನೆಲ ಬೋಳಾಯಿತು. ಮರುವರ್ಷ ಪುರಾತತ್ವಜ್ಞರಾದ ಡಗ್ಲಾಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ನೇತೃತ್ವದಲ್ಲಿ ಸ್ವಯಂಸೇವಕರು ಲೋಹಶೋಧಕ ಹಿಡಿದು ಸಾಲಾಗಿ ನಡೆದರು. ಸದ್ದಾದಲ್ಲೆಲ್ಲ ಪುಟ್ಟ ಬಾವುಟ ನೆಟ್ಟರು. ಪ್ರತಿ ಗುಂಡು, ಪ್ರತಿ ತೋಟಾ ಚಿಪ್ಪಿನ ಜಾಗ, ಆಳ, ದಿಕ್ಕು ಬರೆದುಕೊಂಡರು. ಗುಂಡಿನ ಮೇಲಿನ ನಳಿಗೆಯ ಗೀರು, ಚಿಪ್ಪಿನ ಮೇಲಿನ ಬಡಿಗುರುತು ಹೋಲಿಸಿದಾಗ ಒಂದೊಂದು ಬಂದೂಕು ಗುಡ್ಡದ ಮೇಲೆ ಎಲ್ಲಿಂದೆಲ್ಲಿಗೆ ಸರಿಯಿತು ಎಂಬುದೇ ನಕ್ಷೆಯಲ್ಲಿ ಮೂಡಿತು. ಯೋಧರ ಕೈಯಲ್ಲಿ ಹತ್ತಾರು ಬಗೆಯ ಬಂದೂಕುಗಳಿದ್ದವು, ಅವುಗಳಲ್ಲಿ ಬೇಗ ಬೇಗ ಗುಂಡು ಹಾರಿಸಬಲ್ಲ ಹೆನ್ರಿ, ವಿಂಚೆಸ್ಟರ್‌ಗಳೂ ಇದ್ದವು ಎಂಬುದು ಸಾಬೀತಾಯಿತು. ಅದೇ ಗುಂಡುಗಳನ್ನು ಯಾರೋ ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಅವು ಈಗ ಯಾವುದೋ ತಟ್ಟೆಯಲ್ಲಿ, ಸರಿಯಾದ ಹೆಸರಿನ ಚೀಟಿ ಹೊತ್ತೇ, ಮೂಕವಾಗಿ ಬಿದ್ದಿರುತ್ತಿದ್ದವು.

ನಮ್ಮ ನಾಡಿನಲ್ಲೂ ಇದಕ್ಕೆ ಹತ್ತಿರದ ನಿದರ್ಶನವಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಪಾಳುಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕಿದವು. ಒಂದೇ ಕಡೆ ರಾಶಿಯಾಗಿ ಸಿಕ್ಕಿದ್ದರಿಂದಲೇ ಅದು ದೊಡ್ಡ ಸಂಗ್ರಹ ಎಂದು ತಿಳಿದದ್ದು. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ಗುಂಡು ಸಿಕ್ಕರೆ ತೊಳೆದು ಉಜ್ಜಿ ಹೊಳಪು ಬರಿಸಬಾರದು. ನಳಿಗೆಯ ಗೀರೂ ಜೋಡಣೆಯ ಗೆರೆಯೂ ಆ ಉಜ್ಜಿನಲ್ಲೇ ಹೋಗುತ್ತವೆ, ಸೀಸದ ಬಿಳಿ ಪುಡಿ ವಿಷ ಬೇರೆ. ಮುಟ್ಟಿದ ಕೈ ತೊಳೆಯಬೇಕು. ನೆಲದಲ್ಲಿ ಸಿಕ್ಕ ಹಳೆಯ ವಸ್ತುವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ. 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳೂ ತಯಾರಿಕೆಯ ಯಂತ್ರಗಳೂ ಸೇರುತ್ತವೆ. ಆದ್ದರಿಂದ ಅಮೆರಿಕದ ಸಂತೆಯ ಅಚ್ಚನ್ನು ನೆನಪಿನ ಕಾಣಿಕೆಯೆಂದು ಪೆಟ್ಟಿಗೆಯಲ್ಲಿಟ್ಟು ತರುವವರು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಜಾಗ, ದಿನಾಂಕ ಎರಡೂ ಗಟ್ಟಿಯಾಗಿದ್ದಾಗ ಲೋಹದ ಸಾಕ್ಷಿಗೂ ಬೆಲೆ ಬರುತ್ತದೆ. 1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಓದಿದ ಮೇಲೆ ಜನ ಮೂರನೆಯ ಜಾರ್ಜ್ ದೊರೆಯ ಪ್ರತಿಮೆಯನ್ನು ಹಗ್ಗ ಹಾಕಿ ಕೆಡವಿದರು. ಚಿನ್ನದ ಹಾಳೆ ಹೊದಿಸಿದ್ದ ಸೀಸದ ಪ್ರತಿಮೆ ಅದು. ತುಂಡುಗಳನ್ನು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ಗೆ, ಆಲಿವರ್ ವುಲ್ಕಾಟ್ ಎಂಬಾತನ ಮನೆಗೆ ಸಾಗಿಸಿದರು. ಅಲ್ಲಿ ಮನೆಮಂದಿ, ನೆರೆಹೊರೆಯವರು ಸೇರಿ ಸೀಸ ಕರಗಿಸಿ, ಗುಂಡು ಎರೆದು, ತೋಟಾ ಕಟ್ಟಿದರು. ಎರಡು ವರ್ಷದ ಮೇಲೆ ಕದನ ನಡೆದ ಮನ್‌ಮತ್‌ನಲ್ಲಿ ಸಿಕ್ಕ ಕೆಲವು ಗುಂಡುಗಳ ಲೋಹ, ಉಳಿದಿರುವ ಪ್ರತಿಮೆಯ ತುಣುಕುಗಳ ಲೋಹಕ್ಕೆ ಹೊಂದುತ್ತದೆ ಎಂದು ಪರೀಕ್ಷಿಸಿದವರು ಹೇಳಿದ್ದಾರೆ. ಹೊಲ ಗೊತ್ತಿದೆ, ದಿನ ಗೊತ್ತಿದೆ. ಹಾಗಾಗಿ ಈ ಹೋಲಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು. ವುಲ್ಕಾಟ್ ಮನೆಯಲ್ಲಿ ಆಗ ಕಟ್ಟಿದ ತೋಟಾಗಳ ಲೆಕ್ಕವೂ ಉಳಿದಿದೆ. ಒಟ್ಟು 42,088. ಒಂದೊಂದರ ಗುಂಡು 0.63 ಅಂಗುಲದ್ದೆಂದು ಹಿಡಿದರೆ ಸುಮಾರು 950 ಕಿಲೋ ಸೀಸ. ಯಾರು ಎಷ್ಟು ಮಾಡಿದರು ಎಂಬುದೂ ಆ ಪಟ್ಟಿಯಲ್ಲಿದೆ: ರುತ್ ಮಾರ್ವಿನ್ 11,592, ವುಲ್ಕಾಟ್‌ನ ಹದಿಹರೆಯದ ಮಗಳು ಲಾರಾ 8,378, ಅವಳ ತಂಗಿ, ಹನ್ನೊಂದರ ಮೇರಿ ಆ್ಯನ್ 10,790, ಇನ್ನೂ ಹತ್ತು ತುಂಬದ ತಮ್ಮ ಫ್ರೆಡರಿಕ್ 936.